ಬಿಚ್ಚಿದರೆ ಮತ್ತೆ ದಾರ

ಮಾಚೇನಹಳ್ಳಿಯ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ
ಲೇತಿನ ಮುಂದೆ ನಿಂತವನು ನಾನು.
ಕಬ್ಬಿಣ ನನ್ನ ಮಾತು ಕೇಳುತ್ತದೆ,
ಆದರೆ ಒಂದೇ ಸಲ.
ಕೂದಲೆಳೆಯಷ್ಟು ಹೆಚ್ಚು ಹೆರೆದರೆ
ಮುಗಿಯಿತು, ಗುಜರಿ ಡಬ್ಬಕ್ಕೆ.
ಹೆರೆದುಹೋದದ್ದನ್ನು ಮತ್ತೆ ಅಂಟಿಸುವ ದೇವರು
ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದರು
ನನಗೆ ಕೆಲಸ ಕಲಿಸಿದ ಶೇಷಾಚಾರ್ರು.

ಕ್ರೋಶಾ ಕಡ್ಡಿ ಕೈಗೆ ಬಂದದ್ದು ಹೀಗೆ:
ಪಕ್ಕದ ಮನೆಯ ಫಿಲೋಮಿನಾ ಟೀಚರ್
ತಮ್ಮದನ್ನು ಮುರಿದುಕೊಂಡು ಬಂದರು,
"ಇಂಥದೊಂದು ಮಾಡಿಕೊಡ್ತೀರಾ" ಅಂತ.
ಹಳೆ ಸೈಕಲ್ಲಿನ ಸ್ಪೋಕೊಂದನ್ನು ಅರದಲ್ಲಿ ಉಜ್ಜಿ
ತುದಿಗೊಂದು ಕಚ್ಚು ಕೊಯ್ದೆ.
ಸರಿಯಿದೆಯೋ ನೋಡೋಣ ಎಂದು
ಅಲ್ಲೇ ಜಗಲಿಯಲ್ಲಿ ನಾಲ್ಕು ಹೆಣಿಗೆ ಹಾಕಿದರು.
ಕಡ್ಡಿ ಕೊಟ್ಟು ಬರಬೇಕಿತ್ತು. ನಿಂತು ನೋಡಿದೆ.
ಮಾರನೆಯ ದಿನ ಇನ್ನೊಂದು ಮಾಡಿದೆ, ನನಗೆ.

ಒಂದು ಕುಣಿಕೆ, ಕುಣಿಕೆಯೊಳಗಿಂದ ದಾರ,
ಆ ದಾರವೇ ಮತ್ತೊಂದು ಕುಣಿಕೆ.
ಗುಟ್ಟೇನೂ ಇಲ್ಲ ಇದಕ್ಕಿಂತ.
ಆದರೂ ನನ್ನ ಮೊದಲ ಸರಪಳಿ
ಬಿಸಿಲಿಗೆ ಬಿದ್ದ ಎರೆಹುಳದ ಹಾಗೆ ಮುರುಟಿತ್ತು.
"ಬಿಚ್ಚಿ" ಎಂದರು ಟೀಚರ್.
ಎಳೆದೆ.
ಸರ್ರನೆ ಮಡಿಲಿಗೆ ಬಂದು ಬಿತ್ತು ದಾರ,
ಸ್ವಲ್ಪ ಗುಂಗುರು ಗುಂಗುರಾಗಿ,
ಮತ್ತೇನೂ ಆಗದ ಹಾಗೆ.
ಐವತ್ತೆರಡನೆಯ ವಯಸ್ಸಿನಲ್ಲಿ
ನಾನು ಆವತ್ತು ನಕ್ಕದ್ದನ್ನು
ಚಂದ್ರಮತಿ ಈಗಲೂ ಆಡಿ ತೋರಿಸುತ್ತಾಳೆ.

ಅಲ್ಲಿಂದ ಮನೆಗೆ ಹುಚ್ಚು ಹಿಡಿಯಿತು.
ಟಿವಿ ರಿಮೋಟಿಗೆ ಅಂಗಿ,
ಗ್ಯಾಸ್ ಸಿಲಿಂಡರಿಗೆ ಲಂಗ,
ಉಪ್ಪಿನಕಾಯಿ ಜಾಡಿಗೆ ಕುಲಾವಿ.
ಅವಳೂ ಸುಮ್ಮನೆ ಕೂರಲಿಲ್ಲ,
ಮದುವೆಗೆ ಮುಂಚೆ ಕಲಿತ ಮಣಿ ಕೆಲಸ ಹೊರತೆಗೆದಳು;
ಬಾಗಿಲ ತೋರಣಕ್ಕೆಂದು ಹೆಣೆದ ಗಿಳಿ
ಕೊಕ್ಕು ಕೂರದೆ ಪಾರಿವಾಳವಾಯಿತು.
ರಾತ್ರಿ ಊಟ ಮುಗಿಸಿ ಇಬ್ಬರೂ ಕೂತರೆ
ಮಾತಾಡುವುದಿಲ್ಲ, ಎಣಿಸುತ್ತೇವೆ.
"ಹದಿನೇಳು" ಎಂದು ಅವಳು, "ಒಂಬತ್ತು" ಎಂದು ನಾನು.
ಹೊರಗಿನವರಿಗೆ ಜಗಳದಂತೆ ಕೇಳಬಹುದು.

ಶನಿವಾರ ಗಾಂಧಿ ಬಜಾರಿಗೆ ಹೋಗಿ
ಉಲ್ಲನ್ ಅಂಗಡಿಯ ಹೆಂಗಸರ ನಡುವೆ ನಿಲ್ಲುತ್ತೇನೆ,
ಗ್ರೀಸು ಕುಳಿತ ಉಗುರುಗಳನ್ನು ಮಡಚಿಕೊಂಡು.
ಅಂಗಡಿಯವನು ಮೊದಮೊದಲು ಕೇಳುತ್ತಿದ್ದ,
"ಮೇಡಂ ಯಾವ ಬಣ್ಣ ಹೇಳಿದ್ದಾರೆ?"
ಈಗ ಕೇಳುವುದಿಲ್ಲ.
ಹೊಸ ಬಣ್ಣ ಬಂದರೆ ಒಂದುಂಡೆ ಎತ್ತಿಟ್ಟಿರುತ್ತಾನೆ:
ಕಳೆದ ವಾರ, ತುಂಗೆಗೆ ಹೊಸ ನೀರು ಬಂದಾಗಿನ ಕೆಂಪು.

ಕಾರ್ಖಾನೆಯಲ್ಲಿ ಗೊತ್ತಾದಾಗ ನಕ್ಕರು. ನಗಲಿ.
ಜಬೀವುಲ್ಲಾ ಮಾತ್ರ ಊಟದ ಹೊತ್ತಿಗೆ ಬಂದು
ನನ್ನ ಚೀಲದಲ್ಲಿದ್ದ ಅರ್ಧ ಹೆಣೆದ ಚಕ್ರವನ್ನೆತ್ತಿ
ಬೆಳಕಿಗೆ ಹಿಡಿದ.
"ಅಮ್ಮಿ ಟೋಪಿ ಹೆಣೀತಿದ್ರು," ಎಂದ,
"ಒಂದಕ್ಕೆ ಮೂರು ರೂಪಾಯಿ.
ಹಬ್ಬಕ್ಕೆ ಮುಂಚೆ ರಾತ್ರಿಯೆಲ್ಲಾ.
ಬಿಚ್ಚೋಕೆ ಅವರಿಗೆ ಟೈಮೇ ಇರಲಿಲ್ಲ."
ಮತ್ತೆ ಅದನ್ನು ಚೀಲದಲ್ಲಿಟ್ಟು, ಮಡಿಕೆ ಸರಿಮಾಡಿ,
ಬೀಡಿ ಹಚ್ಚಲು ಗೇಟಿನಾಚೆ ಹೋದ.

ಆ ಮಾತು ನನ್ನ ಕಡ್ಡಿಗೆ ಸಿಕ್ಕಿಕೊಂಡಿದೆ.
ಒಂದು ಮನೆಗೆ ಅಕ್ಕಿ ತಂದ ಕುಣಿಕೆ ಅದು.
ನಾನು ರಿಮೋಟಿಗೆ ಅಂಗಿ ಹೆಣೆದಿದ್ದೇನೆ.

ಅವನಿಗೊಂದು ಟೋಪಿ ಶುರುಮಾಡಿದೆ.
ತಲೆ ವರ್ನಿಯರಿನ ಬಾಯಿಗೆ ಸಿಗಲಿಲ್ಲ,
ದಾರ ಸುತ್ತಿ ಅಳೆದೆ;
ಕಣ್ಣು ಮುಚ್ಚಿ ನಿಂತಿದ್ದ, ಕ್ಷೌರಕ್ಕೆ ಕೂತ ಹುಡುಗನ ಹಾಗೆ.
ಮೊದಲನೆಯದು ಹಾಲಿನ ಪಾತ್ರೆಗೆ ಮುಚ್ಚಳವಾಯಿತು,
ಎರಡನೆಯದು ಟೀಚರ ಬೆಕ್ಕಿಗೆ ಸರಿಹೋದೀತು.
ಮೂರನೆಯದು ನಿನ್ನೆ ರಾತ್ರಿಯದು,
ಹನ್ನೆರಡನೆಯ ಸುತ್ತಿನಲ್ಲಿ ಒಂದು ಕುಣಿಕೆ ತಪ್ಪಿದೆ.
ಕಾಣುವುದಿಲ್ಲ. ಚಂದ್ರಮತಿಗೂ ಕಾಣಲಿಲ್ಲ.
ಅವನಮ್ಮಿಗೆ ಕಾಣುತ್ತಿತ್ತು.

ತುದಿ ಹುಡುಕಿ ಎಳೆದೆ.
ಬೀದಿಯಲ್ಲಿ ಕೊನೆಯ ಸಿಟಿ ಬಸ್ಸು ಹೋಯಿತು.
"ಎಷ್ಟಕ್ಕೆ ಬಂತು?" ಎಂದಳು ಅವಳು, ತಲೆಯೆತ್ತದೆ.
"ಸೊನ್ನೆಗೆ," ಎಂದೆ.